ಹುಣಸೂರು ಉಪವಿಭಾಗದ ಆದಿವಾಸಿ ಹಕ್ಕು ದಾಖಲೆಗಳು

ಹುಣಸೂರು ಉಪವಿಭಾಗದ ಆದಿವಾಸಿ ಹಕ್ಕು ದಾಖಲೆಗಳು ಎಂದರೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ (ಕೆ.ಆರ್. ನಗರ) ಮತ್ತು ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲೂಕುಗಳಲ್ಲಿ ಆದಿವಾಸಿ ಸಮುದಾಯಗಳ ಒಕ್ಕಲೆಬ್ಬಿಸುವಿಕೆ, ಪುನರ್ವಸತಿ, ಜೀತವಿಮುಕ್ತಿ ಹಾಗೂ ಭೂಮಿಯ ಹಕ್ಕಿಗೆ ಸಂಬಂಧಿಸಿದ ಸರ್ಕಾರಿ ಕಡತಗಳು, ನ್ಯಾಯಾಲಯದ ಆದೇಶಗಳು, ಸಮಿತಿ ವರದಿಗಳು, ಸಂಘಟನೆಗಳ ಕಾಗದಪತ್ರಗಳು ಮತ್ತು ಬರೆದಿಟ್ಟ ಮೌಖಿಕ ಹೇಳಿಕೆಗಳ ಒಟ್ಟು ಸಮುದಾಯ. ಇವು ಒಂದೇ ಪತ್ರಾಗಾರದಲ್ಲಿ ಸೇರಿಲ್ಲ. ಕಂದಾಯ ಇಲಾಖೆ, ಅರಣ್ಯ ಇಲಾಖೆ, ಸಮಾಜ ಕಲ್ಯಾಣ ಮತ್ತು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗಳು, ಕರ್ನಾಟಕ ಉಚ್ಚ ನ್ಯಾಯಾಲಯ, ವಿಶ್ವ ಬ್ಯಾಂಕ್ ಮತ್ತು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳಲ್ಲಿ ಹಂಚಿಹೋಗಿವೆ. ನಾಗರಹೊಳೆ ಕಾಡಿನಿಂದ ಹೊರಬಿದ್ದ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಹಕ್ಕು ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಈ ಕಾಗದಗಳನ್ನೇ ಅವಲಂಬಿಸಿರುವುದರಿಂದ ಇವುಗಳ ಮಹತ್ವ ಕೇವಲ ಚಾರಿತ್ರಿಕವಾದುದಲ್ಲ.

ಆಡಳಿತ ವ್ಯಾಪ್ತಿ

ಮೇಲಿನ ನಾಲ್ಕು ತಾಲೂಕುಗಳು ಹುಣಸೂರು ಕಂದಾಯ ಉಪವಿಭಾಗಕ್ಕೆ ಸೇರಿವೆ. ಈಚಿನ ವರ್ಷಗಳಲ್ಲಿ ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ತಾಲೂಕುಗಳು ಬೇರ್ಪಟ್ಟಿವೆ. ಹಳೆಯ ಕಡತಗಳನ್ನು ಹುಡುಕುವವರು ಮೂಲ ತಾಲೂಕಿನ ಹೆಸರಿನಲ್ಲಿಯೇ ಹುಡುಕಬೇಕಾಗುತ್ತದೆ.

ಉಪವಿಭಾಗಾಧಿಕಾರಿಯ ಕಚೇರಿ ಈ ದಾಖಲೆಗಳ ಕೇಂದ್ರಬಿಂದು ಎನ್ನಬಹುದು. ಅರಣ್ಯ ಹಕ್ಕು ಕಾಯ್ದೆಯ ಉಪವಿಭಾಗ ಮಟ್ಟದ ಸಮಿತಿಯ ಅಧ್ಯಕ್ಷತೆ, ಜೀತ ಪದ್ಧತಿ ರದ್ದತಿ ಕಾಯ್ದೆಯ ಉಪವಿಭಾಗ ಜಾಗೃತಿ ಸಮಿತಿ, ಪರಿಶಿಷ್ಟರಿಗೆ ಮಂಜೂರಾಗಿ ಪರಭಾರೆಯಾದ ಜಮೀನನ್ನು ಮರಳಿ ಕೊಡಿಸುವ 1978ರ ಕಾಯ್ದೆಯ (ಪಿಟಿಸಿಎಲ್) ವಿಚಾರಣೆ, ಈ ಮೂರೂ ಇದೇ ಅಧಿಕಾರಿಯ ಹೊಣೆ. ಹೀಗಾಗಿ ಒಂದೇ ಕುಟುಂಬದ ಬದುಕು ಒಂದೇ ಕಚೇರಿಯ ಬೇರೆ ಬೇರೆ ಶಾಖೆಗಳಲ್ಲಿ, ಪರಸ್ಪರ ಸಂಬಂಧವಿಲ್ಲದ ಕಡತಗಳಾಗಿ ಕುಳಿತಿರುವ ಸಾಧ್ಯತೆ ಉಂಟು. ಜೀತದಿಂದ ಬಿಡುಗಡೆಯಾದವನ ಹೆಸರು ಇರುವ ವಹಿ, ಅವನ ಅರಣ್ಯ ಹಕ್ಕಿನ ಅರ್ಜಿಗೆ ಆಧಾರವಾಗಬಲ್ಲುದೆಂದು ಯಾರೂ ಜೋಡಿಸಿ ನೋಡದಿದ್ದರೆ ಎರಡೂ ನಿಷ್ಪ್ರಯೋಜಕ.

ಸಮುದಾಯಗಳು

ಜೇನು ಕುರುಬ, ಬೆಟ್ಟ ಕುರುಬ, ಎರವ, ಸೋಲಿಗ ಮತ್ತು ಹಕ್ಕಿಪಿಕ್ಕಿ ಸಮುದಾಯಗಳು ಈ ಭಾಗದಲ್ಲಿ ನೆಲೆಸಿವೆ. ಇವರ ವಸತಿಗಳನ್ನು ಹಾಡಿ ಎಂದು ಕರೆಯುತ್ತಾರೆ. ಜೇನು ಕುರುಬರು ಕರ್ನಾಟಕದಲ್ಲಿ ಕೇಂದ್ರ ಸರ್ಕಾರವು ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವ ಎರಡು ಸಮುದಾಯಗಳಲ್ಲಿ ಒಂದು, ಇನ್ನೊಂದು ಕರಾವಳಿಯ ಕೊರಗ. ಹಾಡಿಗಳು ಮುಖ್ಯವಾಗಿ ಎಚ್.ಡಿ. ಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣ ತಾಲೂಕುಗಳ ಕಾಡಂಚಿನಲ್ಲಿವೆ. ಕಾಡಿನಿಂದ ದೂರವಿರುವ, ನೀರಾವರಿ ಬಯಲಿನ ಕೆ.ಆರ್. ನಗರದಲ್ಲಿ ಸಾಮಾಜಿಕ ನ್ಯಾಯದ ದಾಖಲೆಗಳೆಂದರೆ ಹೆಚ್ಚಾಗಿ ಗೇಣಿ ಮತ್ತು ಪಿಟಿಸಿಎಲ್ ಕಡತಗಳೇ.

ಹಳೆಯ ದಾಖಲೆಗಳು

ಈ ಪ್ರದೇಶದ ಕಾಡುಜನರ ಕುರಿತ ಆರಂಭದ ಮುದ್ರಿತ ಉಲ್ಲೇಖಗಳಲ್ಲಿ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಕಥನ ಮುಖ್ಯವಾದುದು. ಟಿಪ್ಪು ಸುಲ್ತಾನನ ಪತನದ ಬಳಿಕ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಅವರು ಹೆಗ್ಗಡದೇವನಕೋಟೆಯ ಮೂಲಕವೂ ಹಾದುಹೋಗಿ ಕಾಡು ಕುರುಬರ ಬಗ್ಗೆ ಬರೆದರು. ಆ ಗ್ರಂಥ 1807ರಲ್ಲಿ ಪ್ರಕಟವಾಯಿತು. ಅನಂತರದ ಬಿ.ಎಲ್. ರೈಸ್ ಮತ್ತು ಸಿ. ಹಯವದನ ರಾವ್ ಅವರ ಮೈಸೂರು ಗ್ಯಾಸೆಟಿಯರುಗಳು, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಕುರಿತ ಸಂಪುಟಗಳು, 1871ರಿಂದ ಮುಂದಿನ ಜನಗಣತಿ ವರದಿಗಳು ಈ ಸಾಲಿಗೆ ಸೇರುತ್ತವೆ. ಇವೆಲ್ಲ ಆಡಳಿತಗಾರರ ಮತ್ತು ವಿದ್ವಾಂಸರ ಕಣ್ಣಿನಿಂದ ಬರೆದವು. ಇವುಗಳಲ್ಲಿ ಕುರುಬರು ವೇಷಭೂಷಣ, ಆಹಾರ, ಮದುವೆಯ ಪದ್ಧತಿಗಳ ವಿವರಣೆಯಾಗಿ ಬರುತ್ತಾರೆ, ನೆಲದ ಒಡೆಯರಾಗಿ ಅಲ್ಲ. ಆದರೂ ಅವರು ಆ ಕಾಡಿನಲ್ಲಿ ಇದ್ದರೆಂಬುದಕ್ಕೆ ಎರಡು ಶತಮಾನಗಳ ಹಿಂದಿನ ಸಾಕ್ಷ್ಯ ಅಲ್ಲಿ ಇದೆ.

ಕಾಕನಕೋಟೆಯ ಖೆಡ್ಡಾ ಇನ್ನೊಂದು ಬಗೆಯ ಆಕರ. ಕಾಡಾನೆಗಳನ್ನು ಹಿಡಿಯುವ ಈ ಕಾರ್ಯಾಚರಣೆಯಲ್ಲಿ ಆನೆಯ ಜಾಡು ಹಿಡಿಯುವವರಾಗಿ, ಸೋವುವವರಾಗಿ, ಮಾವುತರಾಗಿ ಕುರುಬರು ದುಡಿದರು. ಮಹಾರಾಜರ ಅತಿಥಿಗಳ ಮುಂದೆ ನಡೆಯುತ್ತಿದ್ದ ಖೆಡ್ಡಾದ ಛಾಯಾಚಿತ್ರಗಳು ಹೇರಳವಾಗಿವೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಅರಣ್ಯ ಇಲಾಖೆಯ ಕಾರ್ಯಯೋಜನೆಗಳು ಕೂಡ ಇದೇ ಬಗೆಯವು. ತೇಗದ ನೆಡುತೋಪು ಬೆಳೆಸಲು, ಬೆಂಕಿರೇಖೆ ಕಡಿಯಲು, ಮರ ಸಾಗಿಸಲು ಕಾಡಿನೊಳಗಿನ ಕೂಲಿಯಾಳುಗಳು ಬೇಕಾಗಿದ್ದರು. ಆಳುಗಳ ಲಭ್ಯತೆಯ ಲೆಕ್ಕ ಇರುವ ಕಡೆ ಹಾಡಿಯ ಇರವೂ ದಾಖಲಾಗಿರುತ್ತದೆ.

ಸಂಶೋಧಕರಿಗೆ ಎದುರಾಗುವ ಒಂದು ತೊಡಕನ್ನು ಇಲ್ಲಿಯೇ ಹೇಳಬೇಕು. ನಾಗರಹೊಳೆಯ ಕಾಡು 1956ರವರೆಗೆ ಒಂದೇ ರಾಜ್ಯದಲ್ಲಿ ಇರಲಿಲ್ಲ. ಪೂರ್ವದ ಭಾಗ ಮೈಸೂರು ಸಂಸ್ಥಾನಕ್ಕೆ, ಪಶ್ಚಿಮದ ಭಾಗ ಕೊಡಗಿಗೆ, ದಕ್ಷಿಣಕ್ಕೆ ಹೊಂದಿಕೊಂಡ ವಯನಾಡು ಮದರಾಸು ಪ್ರಾಂತ್ಯದ ಮಲಬಾರಿಗೆ ಸೇರಿದ್ದವು. ಜೇನು ಕೀಳಲು, ಕೂಲಿಗೆ, ನೆಂಟಸ್ತನಕ್ಕೆ ಜನ ಈ ಗಡಿಗಳನ್ನು ದಾಟಿ ಓಡಾಡುತ್ತಿದ್ದರು. ಆದ್ದರಿಂದ ಒಂದೇ ವಂಶದ ಹಿರಿಯರ ಕುರುಹು ಮೂರು ಆಡಳಿತಗಳ ಕಾಗದಗಳಲ್ಲಿ ಚದುರಿರಬಹುದು. ಸಂಸ್ಥಾನದ ಕಾಲದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಸಂಗ್ರಹಗಳಲ್ಲಿವೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಒಕ್ಕಲೆಬ್ಬಿಸುವಿಕೆ

ನಾಗರಹೊಳೆಯನ್ನು 1955ರಲ್ಲಿ ಅಭಯಾರಣ್ಯವನ್ನಾಗಿ ಮಾಡಲಾಯಿತು. ಆಮೇಲೆ ಮೈಸೂರು ಜಿಲ್ಲೆಯ ಕಾಡುಗಳನ್ನೂ ಸೇರಿಸಿಕೊಂಡು ವಿಸ್ತರಿಸಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ರಾಜೀವ್ ಗಾಂಧಿ ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಅನಂತರದ್ದು. 1999ರಲ್ಲಿ ಇದು ಹುಲಿ ಯೋಜನೆಯ ವ್ಯಾಪ್ತಿಗೆ ಬಂದಿತು.

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನವನ್ನು ಅಂತಿಮವಾಗಿ ಘೋಷಿಸುವ ಮುನ್ನ ಕೆಲವು ಕಾಗದಗಳು ಹುಟ್ಟಲೇಬೇಕು. ಮೊದಲು ಸರ್ಕಾರದ ಉದ್ದೇಶ ತಿಳಿಸುವ ಅಧಿಸೂಚನೆ, ಬಳಿಕ ಜಿಲ್ಲಾಧಿಕಾರಿಯು ಸ್ಥಳೀಯ ಭಾಷೆಯಲ್ಲಿ ಹೊರಡಿಸುವ ಪ್ರಕಟಣೆ, ಜನರ ಹಕ್ಕಿನ ಅರ್ಜಿಗಳು, ಅವುಗಳ ವಿಚಾರಣೆ, ಒಪ್ಪಿದ ಅಥವಾ ತಿರಸ್ಕರಿಸಿದ ಆದೇಶ. ಕಾಡಿನೊಳಗಿದ್ದವರ ಮಟ್ಟಿಗೆ ಈ ಕ್ರಮ ಎಷ್ಟು ಅರ್ಥಪೂರ್ಣವಾಗಿತ್ತು ಎಂಬುದು ಬೇರೆಯೇ ಪ್ರಶ್ನೆ. ಓದು ಬರಹ ಬಾರದ, ಪಹಣಿ ಇಲ್ಲದ, ಊರ ಚಾವಡಿಯಿಂದ ಮೈಲಿಗಟ್ಟಲೆ ದೂರದ ಹಾಡಿಯವನು ಕಚೇರಿಯ ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ಕಂಡು ನಿಗದಿತ ಅವಧಿಯೊಳಗೆ ಲಿಖಿತ ಅರ್ಜಿ ಕೊಡಬೇಕೆಂದು ಕಾನೂನು ನಿರೀಕ್ಷಿಸುತ್ತಿತ್ತು. ಅರ್ಜಿ ಬಾರದಿದ್ದರೆ ಹಕ್ಕೂ ಇಲ್ಲವೆಂದೇ ಕಡತ ಮುಂದುವರಿಯುತ್ತಿತ್ತು.

1970ರ ದಶಕದಿಂದ ಅನೇಕ ಹಾಡಿಗಳು ಕಾಡಿನಿಂದ ಹೊರಬಿದ್ದವು. ಹೀಗೆ ಹೊರಟವರಲ್ಲಿ ಬಹಳ ಮಂದಿ ಕಾಡಂಚಿನ ಊರುಗಳಲ್ಲಿ ಗುಡಿಸಲು ಹಾಕಿಕೊಂಡರು, ಮತ್ತೆ ಹಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಸೇರಿದರು. ಲೈನ್ ಮನೆ ತೋಟದ ಮಾಲೀಕನದು. ಸ್ವಂತ ವಿಳಾಸವಿಲ್ಲದಿದ್ದರೆ ಪಡಿತರ ಚೀಟಿಗೂ ಮತದಾರರ ಗುರುತಿನ ಚೀಟಿಗೂ ತೊಡಕು. ಕಾಡಿನಲ್ಲಿದ್ದಾಗ ಇಲ್ಲದ ಕಾಗದ, ಕಾಡು ಬಿಟ್ಟ ಮೇಲೂ ಹುಟ್ಟಲಿಲ್ಲ.

ಅರಣ್ಯ ಮೊಕದ್ದಮೆಗಳ ಕಡತಗಳಿಗೆ ಈ ಹಿನ್ನೆಲೆಯಲ್ಲಿ ವಿಶೇಷ ಬೆಲೆ ಬಂದಿದೆ. ಕಿರು ಅರಣ್ಯ ಉತ್ಪನ್ನ ತಂದುದಕ್ಕೆ, ಗುಡಿಸಲು ಕಟ್ಟಿದುದಕ್ಕೆ, ರಾಗಿ ಬಿತ್ತಿದುದಕ್ಕೆ ಹೂಡಿದ ಮೊಕದ್ದಮೆಯಲ್ಲಿ ಆರೋಪಿಯ ಹೆಸರು, ತಂದೆಯ ಹೆಸರು, ಹಾಡಿ, ದಿನಾಂಕ, ಸ್ಥಳದ ಮಹಜರು ಇರುತ್ತವೆ. ಅಪರಾಧಿ ಎಂದು ಸಾಧಿಸಲು ಬರೆದ ಹಾಳೆಯೇ, ಆತ ಆ ದಿನ ಆ ನೆಲದಲ್ಲಿ ಬಾಳುತ್ತಿದ್ದ ಎಂಬುದಕ್ಕೆ ಸರ್ಕಾರವೇ ಸಹಿ ಹಾಕಿದ ಪುರಾವೆಯಾಗುತ್ತದೆ.

ಕಬಿನಿ ಜಲಾಶಯ

ಎಚ್.ಡಿ. ಕೋಟೆ ತಾಲೂಕಿನಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಹಲವು ಹಳ್ಳಿಗಳೂ ಕಾಕನಕೋಟೆಯ ಹಳೆಯ ಖೆಡ್ಡಾ ನೆಲೆಯೂ ಮುಳುಗಿದವು. ಜಮೀನು ಹಿಡಿದವರಿಗೆ ಪರಿಹಾರ ದೊರೆತದ್ದು 1894ರ ಭೂಸ್ವಾಧೀನ ಕಾಯ್ದೆಯ ಐತೀರ್ಪುಗಳ ಮೂಲಕ. ಆ ಐತೀರ್ಪುಗಳಲ್ಲಿ ಕಾಣುವುದು ಸರ್ವೆ ನಂಬರು ಮತ್ತು ಖಾತೆದಾರರ ಹೆಸರು. ಖಾತೆ ಇಲ್ಲದೆ ಕಾಡಿನ ಅಂಚಿನಲ್ಲಿದ್ದವರಿಗೆ ಆ ಪಟ್ಟಿಯಲ್ಲಿ ಜಾಗವಿರುವುದಿಲ್ಲ. ಅಣೆಕಟ್ಟಿನ ಕಡತವನ್ನಷ್ಟೇ ಓದಿದವರಿಗೆ ಮುಳುಗಿದ ಕಣಿವೆಯಲ್ಲಿ ಕೃಷಿಕರು ಮಾತ್ರ ಇದ್ದರೆಂಬ ಭಾವನೆ ಬರುವುದು ಸಹಜ.

ತಾಜ್ ಪ್ರಕರಣ ಮತ್ತು ವಿಶ್ವ ಬ್ಯಾಂಕ್ ದೂರು

1990ರ ದಶಕದ ಎರಡು ಪ್ರಕರಣಗಳು ನಾಗರಹೊಳೆಯ ಆದಿವಾಸಿಗಳ ಮಾತನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಲಿಖಿತ ದಾಖಲೆಗೆ ತಂದವು.

ಮೊದಲನೆಯದು ಉದ್ಯಾನದೊಳಗಿನ ಅರಣ್ಯ ವಸತಿಗೃಹವನ್ನು ತಾಜ್ ಸಮೂಹದ ಹೋಟೆಲ್ ಸಂಸ್ಥೆಗೆ ಗುತ್ತಿಗೆ ಕೊಟ್ಟ ವಿಚಾರ. ಹಾಡಿಯವರನ್ನು ಹೊರಕ್ಕೆ ಕಳುಹಿಸುತ್ತಿರುವ ಕಾಡಿನೊಳಗೆ ಪ್ರವಾಸಿಗರಿಗಾಗಿ ಹೋಟೆಲು ಹೇಗೆ ಬರುತ್ತದೆ ಎಂಬುದು ಚಳವಳಿಯ ಪ್ರಶ್ನೆಯಾಗಿತ್ತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. 1980ರ ಅರಣ್ಯ (ಸಂರಕ್ಷಣಾ) ಕಾಯ್ದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆಯದ ಈ ಗುತ್ತಿಗೆ ಕಾನೂನುಬಾಹಿರವೆಂದು ನ್ಯಾಯಾಲಯ 1997ರಲ್ಲಿ ತೀರ್ಪಿತ್ತಿತು. ಗಮನಿಸಬೇಕಾದುದೆಂದರೆ, ಆದಿವಾಸಿಗಳು ಗೆದ್ದದ್ದು ಅರಣ್ಯ ರಕ್ಷಣೆಯ ಕಾನೂನಿನ ಬಲದಿಂದ. ಅವರ ಸ್ವಂತ ವಾಸದ ಹಕ್ಕು ಅಲ್ಲಿ ತೀರ್ಮಾನವಾಗಲಿಲ್ಲ.

ಎರಡನೆಯದು ಭಾರತ ಪರಿಸರ ಅಭಿವೃದ್ಧಿ ಯೋಜನೆಯದು. ವಿಶ್ವ ಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನ ಈ ಯೋಜನೆಗೆ ದೇಶದ ಏಳು ಸಂರಕ್ಷಿತ ಪ್ರದೇಶಗಳನ್ನು ಆರಿಸಲಾಗಿದ್ದು, ಕರ್ನಾಟಕದಿಂದ ನಾಗರಹೊಳೆ ಸೇರಿತ್ತು. ಯೋಜನೆಯನ್ನು ತಮ್ಮೊಡನೆ ಸಮಾಲೋಚಿಸದೆ ರೂಪಿಸಲಾಗಿದೆ, ಇದರಿಂದ ತಮ್ಮನ್ನು ಕಾಡಿನಿಂದ ಎಬ್ಬಿಸುವ ಒತ್ತಡ ಹೆಚ್ಚುತ್ತದೆ ಎಂದು ಇಲ್ಲಿನ ಆದಿವಾಸಿಗಳ ಪರವಾಗಿ 1998ರ ಏಪ್ರಿಲ್‌ನಲ್ಲಿ ವಿಶ್ವ ಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಸಲ್ಲಿಕೆಯಾಯಿತು. ಸ್ಥಳಕ್ಕೆ ಬಂದು ಪರಿಶೀಲಿಸಿದ ಮಂಡಳಿ, ಪೂರ್ಣ ತನಿಖೆ ನಡೆಸಬೇಕೆಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಬ್ಯಾಂಕಿನ ಕಾರ್ಯನಿರ್ವಾಹಕ ನಿರ್ದೇಶಕರು ತನಿಖೆಗೆ ಒಪ್ಪಲಿಲ್ಲ. ಲೋಪಗಳನ್ನು ಸರಿಪಡಿಸುವಂತೆ ಬ್ಯಾಂಕಿನ ಆಡಳಿತಕ್ಕೆ ಸೂಚಿಸಿ ಪ್ರಕರಣ ಮುಗಿಸಿದರು. ದೂರು ಸೋತರೂ ಅದರ ಕಾಗದಗಳು ಉಳಿದವು. ದೂರಿನ ಪ್ರತಿ, ಬ್ಯಾಂಕಿನ ಉತ್ತರ, ಮಂಡಳಿಯ ವರದಿ ಮೂರನ್ನೂ ಯಾರು ಬೇಕಾದರೂ ಓದಬಹುದು. ಹುಣಸೂರಿನ ಕಚೇರಿಯಲ್ಲಿ ಸುಲಭವಾಗಿ ಕೈಗೆ ಸಿಗದ ಸಂಗತಿ ವಾಷಿಂಗ್‌ಟನ್ನಿನ ಸಂಗ್ರಹದಲ್ಲಿ ಸಿಗುವುದು ಈ ವಿಷಯದ ವಿಚಿತ್ರಗಳಲ್ಲೊಂದು.

ಪುನರ್ವಸತಿ ಕಡತಗಳು

ಕಾಡಿನಿಂದ ಹೊರಬಂದ ಕುಟುಂಬಗಳಿಗಾಗಿ ಹುಣಸೂರು ತಾಲೂಕಿನ ನಾಗಾಪುರ, ಶೆಟ್ಟಿಹಳ್ಳಿ–ಲಕ್ಕಪಟ್ಟಣ, ಎಚ್.ಡಿ. ಕೋಟೆ ತಾಲೂಕಿನ ಸೊಳ್ಳೇಪುರ ಮೊದಲಾದ ಕಡೆ ಪುನರ್ವಸತಿ ಕೇಂದ್ರಗಳನ್ನು ನಿರ್ಮಿಸಲಾಯಿತು. ನಾಗಾಪುರದಲ್ಲಿ ಒಂದು ಕುಟುಂಬಕ್ಕೆ ಮನೆಯ ಜೊತೆಗೆ ಐದು ಎಕರೆ ಜಮೀನು ಕೊಡುವುದು ಯೋಜನೆಯಾಗಿತ್ತು. ಜಮೀನು ಉಳುತ್ತಿದ್ದರೂ ಪಹಣಿ ತಮ್ಮ ಹೆಸರಿಗೆ ಬಂದಿಲ್ಲವೆಂಬುದು ಇಂಥ ಕೇಂದ್ರಗಳ ನಿವಾಸಿಗಳ ಬಹುಕಾಲದ ದೂರು. ಪಹಣಿ ಇಲ್ಲದೆ ಬೆಳೆಸಾಲ ಇಲ್ಲ, ಬೆಳೆ ಪರಿಹಾರವೂ ಕಷ್ಟ.

2008ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಹುಲಿ ನೆಲೆಗಳಿಂದ ಸ್ವಇಚ್ಛೆಯಿಂದ ಹೊರಹೋಗುವ ಕುಟುಂಬಕ್ಕೆ 10 ಲಕ್ಷ ರೂಪಾಯಿಗಳ ಯೋಜನೆಯನ್ನು ಜಾರಿಗೆ ತಂದಿತು. 2021ರಲ್ಲಿ ಇದನ್ನು 15 ಲಕ್ಷಕ್ಕೆ ಏರಿಸಲಾಯಿತು. ಇಲ್ಲಿ ನಿರ್ಣಾಯಕವಾದ ಕಾಗದ ಸಮ್ಮತಿ ಪತ್ರ. 2006ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯಂತೆ ಮೊದಲು ಹಕ್ಕುಗಳ ಗುರುತಿಸುವಿಕೆ ಮುಗಿದಿರಬೇಕು, ಗ್ರಾಮಸಭೆ ಎಲ್ಲವನ್ನೂ ತಿಳಿದು ಒಪ್ಪಿರಬೇಕು, ಆಮೇಲೆ ಸ್ಥಳಾಂತರ. ಸಮ್ಮತಿ ಪತ್ರದ ದಿನಾಂಕವನ್ನೂ ಹಕ್ಕಿನ ಅರ್ಜಿ ತೀರ್ಮಾನವಾದ ದಿನಾಂಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಕ್ರಮ ಪಾಲನೆಯಾಯಿತೇ ಎಂಬುದು ತಿಳಿಯುತ್ತದೆ. ಈ ಸರಳ ಪರೀಕ್ಷೆಯನ್ನು ಯಾವ ವಿದ್ಯಾರ್ಥಿಯೂ ಮಾಡಬಹುದು.

ಟಿಬೆಟನ್ನರ ವಸತಿಗಳನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಇದೇ ಉಪವಿಭಾಗದ ಬೈಲುಕುಪ್ಪೆಯಲ್ಲಿ (ಪಿರಿಯಾಪಟ್ಟಣ ತಾಲೂಕು) 1960ರ ದಶಕದ ಆರಂಭದಿಂದಲೂ, ಗುರುಪುರದಲ್ಲಿ (ಹುಣಸೂರು ತಾಲೂಕು) 1970ರ ದಶಕದಲ್ಲೂ ರಾಜ್ಯ ಸರ್ಕಾರ ನಿರಾಶ್ರಿತರಿಗೆ ಜಮೀನು ಗೊತ್ತುಮಾಡಿಕೊಟ್ಟಿತು. ಅವರ ವಿಷಯದಲ್ಲಿ ಎರಡು ಸರ್ಕಾರಗಳ ನಡುವಿನ ಪತ್ರವ್ಯವಹಾರ, ಜಮೀನಿನ ವಿಸ್ತೀರ್ಣ, ಕುಟುಂಬಗಳ ಲೆಕ್ಕ ಎಲ್ಲವೂ ಆರಂಭದಿಂದಲೇ ಕ್ರಮಬದ್ಧವಾಗಿ ದಾಖಲಾದವು. ಸರ್ಕಾರ ಮನಸ್ಸು ಮಾಡಿದರೆ ಪುನರ್ವಸತಿಯ ಕಾಗದ ಹೇಗಿರಬಲ್ಲುದೆಂಬುದಕ್ಕೆ ಮಾದರಿ ಪಕ್ಕದಲ್ಲೇ ಇತ್ತು ಎಂಬಷ್ಟಕ್ಕೆ ಈ ಮಾತು.

ಅಸಾದಿ ಸಮಿತಿಯ ವರದಿ

ನಾಗರಹೊಳೆಯಿಂದ ಹೊರಹಾಕಲ್ಪಟ್ಟವರ ಪುನರ್ವಸತಿಗಾಗಿ 1999ರಲ್ಲಿ ಬುಡಕಟ್ಟು ಕೃಷಿಕರ ಸಂಘವು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ (ಸಂಖ್ಯೆ 14379/1999) ಸಲ್ಲಿಸಿತು. ಹುಣಸೂರಿನ ಡೀಡ್ ಸಂಸ್ಥೆ ಈ ಹೋರಾಟಕ್ಕೆ ಬೆಂಬಲವಾಗಿ ನಿಂತಿತು. ವಿಚಾರಣೆಯ ಹಾದಿಯಲ್ಲಿ ನ್ಯಾಯಾಲಯವು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸಾದಿ (ನಿಧನ: 2025) ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಸಮಿತಿಯ ವರದಿ 2014ರಲ್ಲಿ ಸಲ್ಲಿಕೆಯಾಯಿತು. ಅದು ಒಟ್ಟು 3,418 ಕುಟುಂಬಗಳು ಸ್ಥಳಾಂತರಗೊಂಡಿವೆ ಎಂದು ಗುರುತಿಸಿ, ಅವರಿಗೆ ಪುನರ್ವಸತಿ ಕಲ್ಪಿಸಬೇಕೆಂದು ಶಿಫಾರಸು ಮಾಡಿತು.

ಈ ಸಂಖ್ಯೆಯ ಮಹತ್ವ ಅದರ ಗಾತ್ರದಲ್ಲಷ್ಟೇ ಇಲ್ಲ. ಅಲ್ಲಿಯವರೆಗೆ ಒಕ್ಕಲೆದ್ದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಸಂಘಟನೆಗಳು ಒಂದು ಲೆಕ್ಕವನ್ನೂ ಇಲಾಖೆಗಳು ಇನ್ನೊಂದನ್ನೂ ಹೇಳಬಹುದಾಗಿತ್ತು. ಹೊರಹಾಕಿದ ಆದೇಶವೇ ಇಲ್ಲದಿದ್ದಾಗ ಹೊರಬಿದ್ದವರ ಪಟ್ಟಿ ಎಲ್ಲಿಂದ ಬರಬೇಕು? ನ್ಯಾಯಾಲಯದ ಆದೇಶದ ಮೇಲೆ ತಯಾರಾದ ಪಟ್ಟಿ ಈ ಕೊರತೆಯನ್ನು ತುಂಬಿತು. ಅರಣ್ಯ ಹಕ್ಕು ನಿಯಮಗಳು ಸಮಿತಿ ವರದಿಗಳನ್ನೂ ನ್ಯಾಯಾಲಯದ ದಾಖಲೆಗಳನ್ನೂ ಸಾಕ್ಷ್ಯವೆಂದು ಒಪ್ಪುವುದರಿಂದ, ಅನ್ಯಾಯವನ್ನು ವಿವರಿಸಲು ಬರೆದ ವರದಿಯೇ ಹಕ್ಕಿನ ಆಧಾರವೂ ಆಯಿತು. ವರದಿಯ ಅನುಷ್ಠಾನಕ್ಕಾಗಿ ಆದಿವಾಸಿ ಸಂಘಟನೆಗಳು ಆ ಬಳಿಕವೂ ಪದೇ ಪದೇ ಬೀದಿಗಿಳಿಯಬೇಕಾಯಿತು.

ಅರಣ್ಯ ಹಕ್ಕು ಕಾಯ್ದೆ ಮತ್ತು ಸಾಕ್ಷ್ಯದ ಪ್ರಶ್ನೆ

2006ರ ಅರಣ್ಯ ಹಕ್ಕು ಕಾಯ್ದೆ 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿ ವಾಸವಿದ್ದ ಪರಿಶಿಷ್ಟ ಪಂಗಡದವರ ಹಕ್ಕನ್ನು ಮಾನ್ಯ ಮಾಡುತ್ತದೆ. ಆ ದಿನಾಂಕಕ್ಕೆ ಮುನ್ನ ಪುನರ್ವಸತಿ ಇಲ್ಲದೆ ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗೆ ಮೂಲ ನೆಲೆಯಲ್ಲಿ ಅಥವಾ ಬದಲಿ ಭೂಮಿಯಲ್ಲಿ ಪುನರ್ವಸತಿ ಪಡೆಯುವ ಹಕ್ಕೂ ಅದರಲ್ಲಿದೆ. ಅರ್ಜಿ ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ ಹೋಗುತ್ತದೆ.

2008ರ ನಿಯಮಗಳ 13ನೆಯ ನಿಯಮ ಸಾಕ್ಷ್ಯಗಳ ಪಟ್ಟಿಯನ್ನು ಬಹಳ ಉದಾರವಾಗಿ ಇಟ್ಟಿದೆ. ಗ್ಯಾಸೆಟಿಯರ್, ಜನಗಣತಿ, ನಕಾಶೆ, ಅರಣ್ಯ ಕಾರ್ಯಯೋಜನೆ, ಸಂಸ್ಥಾನಗಳ ಕಾಲದ ದಾಖಲೆ, ಪಡಿತರ ಚೀಟಿಯಂಥವುಗಳ ಜೊತೆಗೆ ಮನೆಯ ಅಡಿಪಾಯ, ಬದು, ಬಾವಿ, ಸ್ಮಶಾನ, ದೇವರ ಬನ, ವಂಶಾವಳಿ, ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಗಳೂ ಅಲ್ಲಿವೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕೆಂಬುದೊಂದೇ ಷರತ್ತು. ಇಂಥದೇ ಕಾಗದ ತರಬೇಕೆಂದು ಸಮಿತಿಗಳು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಹೀಗಿದ್ದೂ ಕಾಗದದ ಹಂಬಲ ಕಚೇರಿಗಳನ್ನು ಬಿಟ್ಟುಹೋಗಿಲ್ಲ. ಉಪಗ್ರಹ ಚಿತ್ರದಲ್ಲಿ ಮನೆ ಕಾಣುವುದಿಲ್ಲವೆಂಬ ಕಾರಣಕ್ಕೆ ಅರ್ಜಿಗಳನ್ನು ತಳ್ಳಿಹಾಕಿದ ಪ್ರಸಂಗಗಳು ದೇಶದ ಹಲವು ಕಡೆಗಳಿಂದ ವರದಿಯಾಗಿವೆ. ಮರಗಳ ಕೆಳಗಿನ ಹುಲ್ಲಿನ ಗುಡಿಸಲು ಆಕಾಶದಿಂದ ಕಾಣದಿರುವುದರಲ್ಲಿ ಅಚ್ಚರಿಯಿಲ್ಲ. ಈಗಾಗಲೇ ಒಕ್ಕಲೆಬ್ಬಿಸಿದವರ ಮನೆ ಚಿತ್ರದಲ್ಲಿ ಇರುವುದಾದರೂ ಹೇಗೆ? 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸುವ ಬಗ್ಗೆ ಆದೇಶ ನೀಡಿದಾಗ ಹಾಡಿಗಳಲ್ಲಿಯೂ ಆತಂಕ ಹರಡಿತು. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ದೊರೆತು, ತಿರಸ್ಕಾರಗಳ ಮರುಪರಿಶೀಲನೆಗೆ ದಾರಿಯಾಯಿತು. ತಿರಸ್ಕಾರದ ಕಾರಣವನ್ನು ಅರ್ಜಿದಾರನಿಗೆ ಲಿಖಿತವಾಗಿ ತಿಳಿಸಲಾಗಿತ್ತೇ ಎಂಬುದು ಮರುಪರಿಶೀಲನೆಯ ಮುಖ್ಯ ಅಂಶ. ಆದ್ದರಿಂದ ತಿರಸ್ಕಾರದ ಹಿಂಬರಹವನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಮೇಲ್ಮನವಿ ಸುಲಭ.

ಆಶ್ರಮ ಶಾಲೆಗಳ ದಾಖಲಾತಿ ವಹಿಗಳು, ಜೇನು, ಸೀಗೆಕಾಯಿ ಮುಂತಾದವುಗಳನ್ನು ಕೊಳ್ಳುತ್ತಿದ್ದ ಲ್ಯಾಂಪ್ಸ್ ಸಹಕಾರ ಸಂಘಗಳ ಖಾತೆ ಪುಸ್ತಕಗಳು, ಆಸ್ಪತ್ರೆಗಳ ಹೆರಿಗೆ ವಹಿಗಳು ಕೂಡ ವಾಸದ ಪುರಾವೆಯಾಗಬಲ್ಲವು. ಇವುಗಳನ್ನು ಹಕ್ಕಿನ ದಾಖಲೆಗಳೆಂದು ಯಾರೂ ಕಾಪಾಡುವುದಿಲ್ಲ. ಹಳೆಯ ವಹಿಗಳನ್ನು ರದ್ದಿಗೆ ಹಾಕುವ ರೂಢಿಯಿಂದ ಮೊದಲು ಕಣ್ಮರೆಯಾಗುವುದು ಇಂಥವೇ.

ಹೆಸರಿನ ಸಮಸ್ಯೆ

ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಾಡು ಕುರುಬ ಎಂಬ ಹೆಸರಿದ್ದು, ಬೆಟ್ಟ ಕುರುಬ ಎಂಬ ಹೆಸರು ಬಹುಕಾಲ ಇರಲಿಲ್ಲ. ತಮ್ಮನ್ನು ಬೆಟ್ಟ ಕುರುಬರೆಂದೇ ಕರೆದುಕೊಳ್ಳುವವರು ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಪಟ್ಟಿಯಲ್ಲಿ ತಮ್ಮ ಹೆಸರೇ ಇಲ್ಲವೆಂಬ ಉತ್ತರ ಪಡೆಯುತ್ತಿದ್ದರು. ಪಟ್ಟಿಯಲ್ಲಿರುವ ಹೆಸರನ್ನು ಬರೆಯಿಸಿಕೊಂಡರೆ ಶಾಲೆಯ ದಾಖಲೆಗೂ ಪ್ರಮಾಣಪತ್ರಕ್ಕೂ ತಾಳೆಯಾಗುತ್ತಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯು ಬೆಟ್ಟ ಕುರುಬ ಎಂಬುದನ್ನು ಕಾಡು ಕುರುಬದ ಪರ್ಯಾಯ ಹೆಸರಾಗಿ ಸೇರಿಸಿತು. ಹಳೆಯ ಜನಗಣತಿ ಮತ್ತು ಕಡತಗಳನ್ನು ಓದುವಾಗ, ಕೇವಲ ಕುರುಬ ಎಂದಿರುವ ಕಡೆ ಕುರಿ ಸಾಕುವ ಸಮುದಾಯವೋ ಕಾಡಿನ ಸಮುದಾಯವೋ ಎಂಬುದನ್ನು ಸಂದರ್ಭ ನೋಡಿ ನಿರ್ಧರಿಸಬೇಕಾಗುತ್ತದೆ.

ಜೀತವಿಮುಕ್ತಿ ಮತ್ತು ಜಮೀನಿನ ದಾಖಲೆಗಳು

ಜೀತ ಪದ್ಧತಿ 1975ರ ಅಕ್ಟೋಬರ್ 25ರಿಂದ ಕಾನೂನಿನಂತೆ ರದ್ದಾಗಿದೆ. 1976ರ ನಿಯಮಗಳಂತೆ ಜಾಗೃತಿ ಸಮಿತಿಯು ಬಿಡುಗಡೆಯಾದವರ ಹೆಸರು ಮತ್ತು ವಿಳಾಸ, ಅವರ ಕಸುಬು ಮತ್ತು ಆದಾಯ, ಅವರಿಗೆ ದೊರೆತ ಸೌಲಭ್ಯ, ಸಂಬಂಧಪಟ್ಟ ಮೊಕದ್ದಮೆ ಇವುಗಳಿಗೆ ಪ್ರತ್ಯೇಕ ವಹಿಗಳನ್ನು ಇಡಬೇಕು. ಬಿಡುಗಡೆ ಪತ್ರವಿಲ್ಲದಿದ್ದರೆ ಪುನರ್ವಸತಿ ಹಣವಿಲ್ಲ. ಈ ನೆರವು 1978ರಲ್ಲಿ 4,000 ರೂಪಾಯಿ ಇದ್ದುದು 2000ದಲ್ಲಿ 20,000ಕ್ಕೆ ಏರಿತು. 2016ರ ಯೋಜನೆಯಲ್ಲಿ ಪ್ರಕರಣದ ಸ್ವರೂಪವನ್ನು ಅನುಸರಿಸಿ 1 ಲಕ್ಷದಿಂದ 3 ಲಕ್ಷದವರೆಗೆ ನಿಗದಿಯಾಗಿದೆ. ಜೀತಕ್ಕೆ ಬರೆದ ಕರಾರು ಇರುವುದು ಅಪರೂಪ. ಮುಂಗಡ ಪಡೆದ ಸಾಲ, ಬಾಯಿಮಾತಿನ ಒಪ್ಪಂದ ಇಷ್ಟೇ. ಮುಂಗಡ ಕೊಟ್ಟು ದುಡಿಸಿಕೊಂಡದ್ದು ಸಾಬೀತಾದರೆ ಅದನ್ನು ಜೀತದ ಸಾಲವೆಂದೇ ಭಾವಿಸಬೇಕೆಂದೂ, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದೆಂದೂ ಕಾನೂನು ಹೇಳುತ್ತದೆ.

ಭೂಸುಧಾರಣೆಯ ಕಡತಗಳು ಇದೇ ಕಾಲದವು. ಹುಣಸೂರು ತಾಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಜಮೀನಿನ ಒಡೆತನ ಪಡೆದರು. ನಾಲ್ಕೂ ತಾಲೂಕುಗಳಲ್ಲಿ ಈ ಕಡತಗಳಿವೆ. ಕಾಡಿನಲ್ಲಿದ್ದವರು ಯಾರ ಗೇಣಿದಾರರೂ ಆಗಿರಲಿಲ್ಲ, ಹಾಗಾಗಿ ರಾಜ್ಯದ ಅತಿದೊಡ್ಡ ಭೂಹಂಚಿಕೆ ಅವರನ್ನು ಮುಟ್ಟದೆ ಹೋಯಿತು. ಪಿಟಿಸಿಎಲ್ ಅರ್ಜಿಗಳು ತಡವಾದವೆಂಬ ಕಾರಣಕ್ಕೆ ವಜಾ ಆಗುತ್ತಿದ್ದುದನ್ನು ತಪ್ಪಿಸಲು 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಗಿ ಕಾಲಮಿತಿಯ ಅಡ್ಡಿಯನ್ನು ತೆಗೆಯಲಾಯಿತು.

ಲಭ್ಯತೆ ಮತ್ತು ಬಳಕೆ

ತಾಲೂಕು ಕಚೇರಿಗಳ ಅಭಿಲೇಖಾಲಯಗಳಿಂದ ನಿಗದಿತ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದು. ಉಳಿದ ಕಡತಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಕಡತದ ಸಂಖ್ಯೆ, ವರ್ಷ, ಶಾಖೆಯನ್ನು ನಮೂದಿಸಿದ ಅರ್ಜಿಗೆ ಉಪಯುಕ್ತ ಉತ್ತರ ಸಿಗುವ ಸಂಭವ ಹೆಚ್ಚು. ಅಧಿಸೂಚನೆಗಳು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟವಾಗಿರುತ್ತವೆ. ಮೈಸೂರಿನಲ್ಲಿಯೇ ಇರುವ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಕೇಂದ್ರ ಮತ್ತು ಕರ್ನಾಟಕ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಗಳ ಅಧ್ಯಯನಗಳನ್ನು ಅರಣ್ಯ ಹಕ್ಕಿನ ಅರ್ಜಿಗಳಿಗೆ ಪೂರಕವಾಗಿ ಬಳಸಬಹುದು.

ಮೌಖಿಕ ಹೇಳಿಕೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಜೇನು ಕುರುಬರ ನುಡಿಯಲ್ಲಿ ಹಿರಿಯರು ಹೇಳಿದ್ದನ್ನು ಬರೆದುಕೊಳ್ಳುವವರು ಕಚೇರಿಯ ಕನ್ನಡಕ್ಕೆ ಇಳಿಸುತ್ತಾರೆ. ಮರ, ಕೆರೆ, ಬೋರೆ, ಹಡ್ಲುಗಳ ಹೆಸರು ಹಿಡಿದು ಹೇಳಿದ ಎಲ್ಲೆ, ಹೀಗೆ ಬರೆಯುವಾಗ ಸರ್ವೆ ನಂಬರಿಲ್ಲದ ಜಾಗವೆಂದು ಕಳೆದುಹೋಗುವುದುಂಟು. ಮೂಲ ಧ್ವನಿಮುದ್ರಣವನ್ನು ಉಳಿಸುವುದು ಇದಕ್ಕಿರುವ ಪರಿಹಾರ. ಜೀತವಿಮುಕ್ತರ ವಹಿಗಳಲ್ಲಿಯೂ ಅರಣ್ಯ ಮೊಕದ್ದಮೆಗಳಲ್ಲಿಯೂ ಬದುಕಿರುವವರ ಹೆಸರು, ಸಾಲ, ಮಾಲೀಕರ ವಿವರಗಳಿರುತ್ತವೆ. ಅವರು ಇಂದಿಗೂ ಅದೇ ಊರಿನಲ್ಲಿ ಕೂಲಿಗೆ ಹೋಗುತ್ತಿರಬಹುದು. ಆದ್ದರಿಂದ ಇವುಗಳನ್ನು ಪ್ರಕಟಿಸುವ ಮುನ್ನ ಸಂಬಂಧಪಟ್ಟವರ ಒಪ್ಪಿಗೆ ಪಡೆಯುವುದು, ಹೆಸರುಗಳನ್ನು ಮರೆಮಾಡುವುದು ಸಂಶೋಧನೆಯ ಶಿಸ್ತು.

ಇತ್ತೀಚಿನ ಬೆಳವಣಿಗೆಗಳು

2025ರ ಮೇ 5ರಂದು ನಾಗರಹೊಳೆಯ ಕೊಡಗು ಭಾಗದ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನು ಕುರುಬ ಕುಟುಂಬಗಳು ಮರಳಿ ಬಂದು, ಅದು ತಮ್ಮ ಪೂರ್ವಜರ ನೆಲೆಯೆಂದು ಘೋಷಿಸಿದವು. ದಶಕಗಳ ಹಿಂದೆ ತಮ್ಮನ್ನು ಅಲ್ಲಿಂದ ಹೊರಹಾಕಲಾಗಿತ್ತು, ಅರಣ್ಯ ಹಕ್ಕಿಗೆ ಸಲ್ಲಿಸಿದ ಅರ್ಜಿಗೆ ನ್ಯಾಯ ಸಿಗಲಿಲ್ಲ ಎಂಬುದು ಅವರ ವಾದ. ಅಲ್ಲಿ ಅವರು ವಾಸವಿದ್ದುದಕ್ಕೆ ಆಧಾರವಿಲ್ಲವೆಂಬುದು ಅರಣ್ಯ ಇಲಾಖೆಯ ನಿಲುವು. ಪೂರ್ವಜರ ಸಮಾಧಿಗಳನ್ನೂ ದೇವರ ನೆಲೆಗಳನ್ನೂ ಅವರು ಸಾಕ್ಷ್ಯವಾಗಿ ತೋರಿಸಿದ್ದಾರೆ. ಈ ಸ್ಥಳ ಹುಣಸೂರು ಉಪವಿಭಾಗದ ಹೊರಗಿದ್ದರೂ ಉದ್ಯಾನ ಒಂದೇ ಆಗಿರುವುದರಿಂದ, ಎಚ್.ಡಿ. ಕೋಟೆ ಮತ್ತು ಹುಣಸೂರು ತಾಲೂಕುಗಳ ಹಾಡಿಗಳು ಇದರ ತೀರ್ಮಾನವನ್ನು ಗಮನಿಸುತ್ತಿವೆ.